ಜಗಲಿ ಮೇಲಿನ ಚಿಕ್ಕಮ್ಮ

ಶಿಕಾರಿಪುರದ ಪೇಟೆ ಬೀದಿಗೆ ಬಸ್ಸು ಬರುವುದು ನಿಂತದ್ದು ಯಾವ ವೈರಿಯ ಸಂಚಿನಿಂದಲೂ ಅಲ್ಲ. ಬೀದಿಯ ಎರಡೂ ಕಡೆಯ ಅಂಗಡಿ ಜಗಲಿಗಳು ತಲೆಮಾರಿಗೊಂದು ಮೊಳದಂತೆ ಮುಂದೆ ಬಂದು, ಕೊನೆಗೆ ಬಸ್ಸಿಗೂ ಜಗಲಿಗೂ ನಡುವೆ ಒಬ್ಬ ಮನುಷ್ಯ ನಿಂತು ಬೀಡಿ ಹಚ್ಚುವಷ್ಟು ಜಾಗವೂ ಉಳಿಯದೆ ಹೋದದ್ದರಿಂದ. ಒಂದು ದಿನ ಶಿವಮೊಗ್ಗದ ಬಸ್ಸು ಎತ್ತಿನ ಗಾಡಿಯೊಂದಕ್ಕೆ ಎದುರಾಗಿ ಸಿಕ್ಕಿಕೊಂಡು, ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಿನವರೆಗೂ ಹಿಂದಕ್ಕೂ ಹೋಗದೆ ಮುಂದಕ್ಕೂ ಹೋಗದೆ ನಿಂತಿತು. ಬಸ್ಸಿನವರು ಕೈಮುಗಿದು, ಅಂದಿನಿಂದ ಊರ ಹೊರಗಿನ ಬಯಲಲ್ಲಿ ಬಸ್ಸು ನಿಲ್ಲಿಸತೊಡಗಿದರು. ಅಲ್ಲಿ ತಗಡಿನ ಅಂಗಡಿಗಳು ಎದ್ದವು. ತೊಗರ್ಸಿಯಿಂದ, ಅಂಜನಾಪುರದಿಂದ ಬರುವ ಗಿರಾಕಿಗಳು ಅಲ್ಲೇ ಇಳಿದು, ಅಲ್ಲೇ ಕೊಂಡು, ಅಲ್ಲೇ ಹತ್ತಿ ಮನೆಗೆ ಹೋದರು. ಪೇಟೆ ಬೀದಿಯಲ್ಲಿ ಕೆಲವು ಅಂಗಡಿಗಳ ಬಾಗಿಲು ಮುಚ್ಚಿದ್ದು ಮತ್ತೆ ತೆರೆಯಲಿಲ್ಲ. ತೆರೆದಿಟ್ಟವರು ನೊಣ ಹೊಡೆಯುತ್ತ ಕುಳಿತರು. ನೊಣಗಳೂ ಬಸ್ಸಿನ ಹಿಂದೆ ಹೋದವೆಂದು ಕಾಣುತ್ತದೆ, ಆ ಉದ್ಯೋಗವೂ ದಿನೇ ದಿನೇ ಇಳಿಮುಖವಾಯಿತು.

ವರ್ತಕರೆಲ್ಲ ಸೇರಿ ಸರ್ಕಾರಕ್ಕೆ ಅರ್ಜಿ ಹಾಕಿದರು. ಬೀದಿ ಅಗಲ ಮಾಡಿ ಬಸ್ಸನ್ನು ವಾಪಸು ಕೊಡಿಸಬೇಕೆಂದು ಬೇಡಿಕೊಂಡರು. ಕನ್ನಡ ನಾಡು ಒಂದಾಗಿ ರಾಜ್ಯ ಆಗಷ್ಟೇ ದೊಡ್ಡದಾಗಿತ್ತು. ರಸ್ತೆಯೂ ದೊಡ್ಡದಾಗಲಿ ಎಂದು ಮೇಲಿನವರಿಗೆ ಅನ್ನಿಸಿರಬೇಕು. ಮಂಜೂರಾತಿ ಬಂದ ದಿನ ಬೀದಿಯಲ್ಲಿ ಪೇಡೆ ಹಂಚಿದರು. ಮರುದಿನ ಓವರ್‌ಸೀಯರ್ ಆನಂದಪ್ಪನವರು ಹಗ್ಗ ಹಿಡಿದು, ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತ ಬಂದರು. ಆ ಗೆರೆ ಪ್ರತಿಯೊಂದು ಜಗಲಿಯ ಹೊಟ್ಟೆಯ ಮೇಲೇ ಹಾದುಹೋಗುವುದನ್ನು ಕಂಡಾಗ ತಿಂದ ಪೇಡೆ ಎಲ್ಲರ ಗಂಟಲಲ್ಲೂ ಕಹಿಯಾಯಿತು. ಎಲ್ಲರಿಗೂ ಬಸ್ಸು ಬೇಕಿತ್ತು. ಎದುರು ಸಾಲಿನ ಜಗಲಿ ಒಡೆದು ತರಲಿ ಎಂಬುದು ಅವರವರ ಅಭಿಪ್ರಾಯವಾಗಿತ್ತು.

ಎಲ್ಲರಿಗಿಂತ ಹೆಚ್ಚು ಕಂಗೆಟ್ಟವರು ಪಾತ್ರೆ ಅಂಗಡಿಯ ಪಂಚಾಕ್ಷರಪ್ಪನವರು. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಮುಂದಿನ ಕರಿಕಲ್ಲಿನ ಜಗಲಿ ಅವರ ತಂದೆ ಹಾಕಿಸಿದ್ದು. ಬೀದಿಗೆ ಅತಿ ಮುಂದೆ ಚಾಚಿದ್ದೂ ಅದೇ. ಗಿರಾಕಿ ಬಂದರೆ ಮೊದಲು ಅದರ ಮೇಲೆ ಕೂರಿಸಿ, ಮಳೆ ಬೆಳೆ ವಿಚಾರಿಸಿ, ಆಮೇಲೆ ಕೊಡಕ್ಕೆ ಕೈ ಹಾಕುವುದು ಆ ಅಂಗಡಿಯ ಸಂಪ್ರದಾಯ. ಜಗಲಿಯಿಲ್ಲದೆ ವ್ಯಾಪಾರ ಮಾಡುವುದೆಂದರೆ ಮಾತಾಡಿಸದೆ ಹೆಣ್ಣು ಕೇಳಿದಂತೆ ಎಂದು ಪಂಚಾಕ್ಷರಪ್ಪನವರು ಹೇಳುತ್ತಿದ್ದರು.

ಆ ಜಗಲಿಯ ಒಂದು ತುದಿಯಲ್ಲಿ ಮಹಾದೇವಮ್ಮ ಇರುತ್ತಿದ್ದರು. ಇರುತ್ತಿದ್ದರು ಎಂದರೆ, ಅಲ್ಲೇ ಮಲಗಿ ಅಲ್ಲೇ ಏಳುತ್ತಿದ್ದರು. ಬಸ್ಸು ಪೇಟೆ ಬೀದಿಗೆ ಬರುತ್ತಿದ್ದ ಕಾಲದಲ್ಲಿ ಪ್ರಯಾಣಿಕರಿಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಮಾರಿ ಬದುಕಿದ ಹೆಂಗಸು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಗುಡಿಸಲಿದ್ದದ್ದು ಊರ ಹೊರಗಿನ ಬಯಲಲ್ಲಿ. ಹೊಸ ಬಸ್ ನಿಲ್ದಾಣಕ್ಕೆಂದು ಆ ಬಯಲು ಸಮ ಮಾಡುವಾಗ ಗುಡಿಸಲೂ ಸಮವಾಯಿತು. ಹೀಗೆ ಬಸ್ಸು ಹೋದದ್ದರಿಂದ ವ್ಯಾಪಾರವನ್ನೂ, ಬಸ್ಸು ಬಂದದ್ದರಿಂದ ಮನೆಯನ್ನೂ ಒಟ್ಟೊಟ್ಟಿಗೆ ಕಳೆದುಕೊಂಡವರು ಶಿಕಾರಿಪುರದಲ್ಲಿ ಅವರೊಬ್ಬರೇ. ಒಂದು ತಗಡಿನ ಪೆಟ್ಟಿಗೆ ಹೊತ್ತು ಬಂದು ಆ ಜಗಲಿಯ ಮೇಲೆ ಕುಳಿತವರು ಏಳಲಿಲ್ಲ.

"ನಾಳೆಯಿಂದ ಬೇರೆ ಕಡೆ ನೋಡ್ಕೋ ಅಮ್ಮ" ಎಂದು ಪಂಚಾಕ್ಷರಪ್ಪನವರು ಪ್ರತಿದಿನ ಹೇಳುತ್ತಿದ್ದರು.

"ಆತು ಬಿಡಪ್ಪ" ಎಂದು ಮಹಾದೇವಮ್ಮ ಪ್ರತಿದಿನ ಒಪ್ಪುತ್ತಿದ್ದರು.

ಪಂಚಾಕ್ಷರಪ್ಪನವರ ಹೆಂಡತಿ ಜಗದಾಂಬ ಈ ಮಾತುಕತೆ ಮುಗಿಯುವುದನ್ನೇ ಕಾದು, ಹಿಂಬಾಗಿಲಿನಿಂದ ಸುತ್ತಿ ಬಂದು, ಒಂದು ರೊಟ್ಟಿಯನ್ನೂ ಪಲ್ಯವನ್ನೂ ಕೊಟ್ಟು ಹೋಗುತ್ತಿದ್ದಳು.

ಸುಣ್ಣದ ಗೆರೆ ಹತ್ತಿರ ಬರುತ್ತಿದ್ದಂತೆ ಪಕ್ಕದ ಚಹಾ ಅಂಗಡಿಯ ಜಯಪ್ಪ ಓಡಿ ಬಂದ. ಲೋಕದ ಸುದ್ದಿಯನ್ನೆಲ್ಲ ತಿಳಿದು, ಅರ್ಧ ಮಾತ್ರ ನೆನಪಿಟ್ಟುಕೊಳ್ಳುವ ಮನುಷ್ಯ ಅವನು.

"ಪಂಚಾಕ್ಷರಪ್ಪಾರೆ, ಶಿವಮೊಗ್ಗದಾಗೆ ಹಿಂಗೇ ಆತಂತೆ. ಜನ ವಾಸ ಇರೋ ಜಾಗ ಆದ್ರೆ ಮುಟ್ಟಂಗಿಲ್ವಂತೆ. ಬರೀ ಅಂಗಡಿ ಆದ್ರೆ ಧಡಾರ್ ಅಂತ ಒಡೀತಾರಂತೆ!"

ಪಂಚಾಕ್ಷರಪ್ಪನವರಿಗೆ ಯೋಚಿಸುವ ಅಭ್ಯಾಸವಿತ್ತು. ಆದರೆ ಅವರು ಮೊದಲು ಮಾತಾಡಿ ಆಮೇಲೆ ಯೋಚಿಸುತ್ತಿದ್ದರು. ಓವರ್‌ಸೀಯರ್ ಬಂದು ಹಗ್ಗವನ್ನು ಜಗಲಿಗೆ ತಾಗಿಸಿದ ತಕ್ಷಣ, "ಸ್ವಾಮಿ, ಇದು ಅಂಗಡಿ ಜಗಲಿ ಅಲ್ಲ. ವಾಸದ ಜಾಗ" ಎಂದುಬಿಟ್ಟರು.

"ಯಾರ ವಾಸ?"

ಮಹಾದೇವಮ್ಮ ಪೆಟ್ಟಿಗೆಗೆ ಒರಗಿ ತಲೆ ಬಾಚಿಕೊಳ್ಳುತ್ತಿದ್ದರು. ಕೊರಳಲ್ಲಿ ಬಟ್ಟೆಯಲ್ಲಿ ಕಟ್ಟಿದ ಲಿಂಗ. ನೋಡಿದವರಿಗೆ ಯಾರದಾದರೂ ಮನೆಯ ಹಿರಿಯರಂತೆಯೇ ಕಾಣುತ್ತಿದ್ದರು.

"ನಮ್ಮ ಚಿಕ್ಕಮ್ಮ."

ಜಯಪ್ಪನ ಕೈಯಲ್ಲಿದ್ದ ಚಹಾ ಲೋಟ ವಾಲಿತು.

"ಚಿಕ್ಕಮ್ಮನ್ನ ಜಗಲಿ ಮೇಲೆ ಇಟ್ಟಿದ್ದೀರಾ?" ಎಂದರು ಆನಂದಪ್ಪ.

"ಅವರಿಗೆ... ಗಾಳಿ ಬೇಕ್ರಿ. ಒಳಗೆ ಉಸಿರು ಕಟ್ತದೆ ಅಂತಾರೆ."

ಓವರ್‌ಸೀಯರ್ ಮಹಾದೇವಮ್ಮನ ಕಡೆ ತಿರುಗಿದರು. "ಹೌದೇನಮ್ಮಾ?"

ಮಹಾದೇವಮ್ಮ ಬಾಚಣಿಗೆ ಕೆಳಗಿಟ್ಟು, ಪಂಚಾಕ್ಷರಪ್ಪನವರನ್ನು ಬಹಳ ಹೊತ್ತು ನೋಡಿದರು. ಪಂಚಾಕ್ಷರಪ್ಪನವರ ಹಣೆಯ ವಿಭೂತಿ ಬೆವರಲ್ಲಿ ಇಳಿಯತೊಡಗಿತು.

"ಅವನೇ ಹೇಳ್ತಾನಲ್ರೀ. ದೊಡ್ಡೋರ ಮನೆ ಮಗ, ಸುಳ್ಳು ಹೇಳ್ತಾನಾ?" ಎಂದರು ಮಹಾದೇವಮ್ಮ. "ಆದ್ರೆ ಬೆಳಿಗ್ಗೆಯಿಂದ ಕಾಫಿ ಕೊಟ್ಟಿಲ್ಲ. ಅದೊಂದು ವಿಚಾರಿಸ್ರಿ."

ಕಾಫಿ ಬಂತು. ಸರ್ಕಾರಿ ಸಾಕ್ಷಿಯ ಎದುರು ಪಂಚಾಕ್ಷರಪ್ಪನವರೇ ಅದನ್ನು ಬಗ್ಗಿ ಕೊಟ್ಟರು. ಸುಣ್ಣದ ಗೆರೆ ಪಾತ್ರೆ ಅಂಗಡಿಯ ಹತ್ತಿರ ಬಂದು, ಗರ್ಭಿಣಿಯ ಹೊಟ್ಟೆಯ ಹಾಗೆ ಹೊರಬಾಗಿ, ಜಗಲಿಯನ್ನು ಬಳಸಿ, ಮುಂದೆ ಹೋಯಿತು.

ಮರುದಿನ ಬೆಳಗಾದರೆ ಪೇಟೆ ಬೀದಿಯ ರೂಪವೇ ಬದಲಾಗಿತ್ತು. ಒಂದೊಂದು ಜಗಲಿಯ ಮೇಲೂ ಒಬ್ಬೊಬ್ಬ ಹಿರಿಯರು ಚಾಪೆ ಹಾಸಿ ಮಲಗಿದ್ದರು. ಬಟ್ಟೆ ಅಂಗಡಿಯವರು ಮಾವನನ್ನು ಉಡುತಡಿಯಿಂದ ಗಾಡಿ ಕಟ್ಟಿ ಕರೆಸಿದ್ದರು. ಕಿರಾಣಿ ಅಂಗಡಿಯವರ ಜಗಲಿಯಲ್ಲಿ ಅತ್ತೆ, ಸೋದರತ್ತೆ ಇಬ್ಬರೂ ಒಂದೇ ಕಂಬಳಿಗೆ ಜಗಳವಾಡುತ್ತಿದ್ದರು. ಜಯಪ್ಪನಿಗೆ ಹಿರಿಯರು ಯಾರೂ ಉಳಿದಿರಲಿಲ್ಲ. ಆದ್ದರಿಂದ ತಾನೇ ತಲೆಗೆ ಟವೆಲ್ ಸುತ್ತಿ, ಕೆಮ್ಮುತ್ತ ಮಲಗಿದ್ದ. ಚಹಾ ಕೇಳಿ ಬಂದವರಿಗೆ ಮುಸುಕಿನೊಳಗಿಂದಲೇ "ನೀವೇ ಸೋಸ್ಕೊಳ್ರಿ" ಎನ್ನುತ್ತಿದ್ದ.

ಆನಂದಪ್ಪನವರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿದರು. ಸಣ್ಣ ನೌಕರಿ, ದೊಡ್ಡ ತಾಳ್ಮೆ. ನಡುಬೀದಿಯಲ್ಲಿ ನಿಂತು ಗಟ್ಟಿಯಾಗಿ ಹೇಳಿದರು:

"ಜಗಲಿ ಮೇಲೆ ವಾಸ ಇರೋರಿಗೆಲ್ಲ ಸರ್ಕಾರ ಊರ ಹೊರಗೆ ಗುಡಿಸಲು ಕೊಡ್ತದೆ. ಈಗಲೇ ಸಾಮಾನು ಕಟ್ಕೊಳ್ರಿ, ಗಾಡಿ ತರಿಸ್ತೀನಿ!"

ಉಡುತಡಿಯ ಮಾವ ಮೊದಲು ಎದ್ದರು. ಅವರ ಹಿಂದೆ ಅತ್ತೆ, ಸೋದರತ್ತೆ, ಕಂಬಳಿ. ಜಯಪ್ಪನ ಕೆಮ್ಮು ಆ ಕ್ಷಣವೇ ಗುಣವಾಯಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೀದಿಯ ಹಿರಿಯರೆಲ್ಲ ಅವರವರ ಮನೆ ಸೇರಿದ್ದರು. ಮಹಾದೇವಮ್ಮ ಒಬ್ಬರೇ ಕುಳಿತಿದ್ದರು. ಎದ್ದು ಹೋಗಲು ಜಾಗವಿಲ್ಲದವರು ಅವರೊಬ್ಬರೇ.

"ಗುಡಿಸಲು ಎಲ್ಲಿ ಕೊಡ್ತೀರಪ್ಪ? ಯಾವತ್ತು?" ಎಂದು ಕೇಳಿದರು.

ಆನಂದಪ್ಪನವರು ತಲೆ ಕೆರೆದುಕೊಂಡರು. "ಅದು... ಮೇಲಿನಿಂದ ಆರ್ಡರ್ ಬರಬೇಕಮ್ಮ."

"ಬರ್ಲಿ ಬಿಡು. ನಾನೆಲ್ಲಿ ಹೋಗ್ತೀನಿ."

"ಪಂಚಾಕ್ಷರಪ್ಪನವರೇ, ಈ ಬೀದೀಲಿ ನಿಮ್ಮ ಚಿಕ್ಕಮ್ಮ ಒಬ್ರೇ ನಿಜ" ಎಂದು ಓವರ್‌ಸೀಯರ್ ಎಲ್ಲರೂ ಕೇಳುವಂತೆ ತೀರ್ಪು ಕೊಟ್ಟರು.

ಅಲ್ಲಿಗೆ ಪಂಚಾಕ್ಷರಪ್ಪನವರ ಜಗಲಿ ಉಳಿಯಿತು, ಹೆಸರು ಹೋಯಿತು. ನಿನ್ನೆಯವರೆಗೆ 'ಎಂಥ ಸುಳ್ಳ' ಎಂದವರು, ಈಗ ಸರ್ಕಾರವೇ ಒಪ್ಪಿದ ಮೇಲೆ, 'ಎಂಥ ಪಾಪಿ' ಎನ್ನತೊಡಗಿದರು. ಸ್ವಂತ ಚಿಕ್ಕಮ್ಮನನ್ನು ಬೀದಿಯಲ್ಲಿಟ್ಟು, ಒಳಗೆ ಫಳಫಳ ಹೊಳೆಯುವ ಪಾತ್ರೆ ಜೋಡಿಸಿಕೊಂಡು ಕೂತಿದಾನಲ್ಲ! ಮಹಾದೇವಮ್ಮ ಮಂಡಕ್ಕಿ ಮಾರುತ್ತಿದ್ದುದು ಎಲ್ಲರಿಗೂ ನೆನಪಿತ್ತು. ಈಗ ಅದಕ್ಕೂ ಹೊಸ ಅರ್ಥ ಬಂತು. "ನೋಡ್ರಿ, ಚಿಕ್ಕಮ್ಮನ ಕೈಲಿ ಬಜ್ಜಿ ಕರಿಸಿ ಹೊಟ್ಟೆ ಹೊರ್ಕೊಳ್ಳಾಕೆ ಬಿಟ್ಟಿದ್ದ" ಎಂದು ಜಯಪ್ಪ ಚಹಾದ ಜೊತೆಗೆ ಪುಕ್ಕಟೆಯಾಗಿ ಹಂಚಿದ. ಚಹಾ ಕುಡಿದವರಲ್ಲಿ ಸೊರಬದ ಬಸ್ಸಿನ ಕಂಡಕ್ಟರನೂ ಇದ್ದ. ಸುದ್ದಿ ಟಿಕೆಟ್ ಇಲ್ಲದೆ ಸೊರಬಕ್ಕೆ ಹೋಯಿತು.

ಸೊರಬಕ್ಕೆ ಹೋಗಬಾರದಿತ್ತು. ಅಲ್ಲಿಯ ಜವಳಿ ವ್ಯಾಪಾರಿ ಶಿವಮೂರ್ತಪ್ಪನವರ ಮಗನಿಗೆ ಪಂಚಾಕ್ಷರಪ್ಪನವರ ಒಬ್ಬಳೇ ಮಗಳು ನೀಲಮ್ಮನನ್ನು ಕೊಡುವ ಮಾತು ಬಹುಪಾಲು ಮುಗಿದಿತ್ತು. ಹುಡುಗಿ ಹುಡುಗನನ್ನು ಒಪ್ಪಿದ್ದಳು. ಎಷ್ಟು ಒಪ್ಪಿದ್ದಳೆಂದರೆ, ಸೊರಬ ಎಂಬ ಊರಿನ ಹೆಸರು ಕೇಳಿದರೆ ಕೈಲಿದ್ದ ಪಾತ್ರೆ ಬೀಳಿಸುತ್ತಿದ್ದಳು. ಪಾತ್ರೆ ಅಂಗಡಿಯವರ ಮನೆಯಾದ್ದರಿಂದ ನಷ್ಟವಿರಲಿಲ್ಲ. ಇನ್ನು ವೀಳ್ಯದ ಶಾಸ್ತ್ರ ಒಂದು ಬಾಕಿ.

ಶಿವಮೂರ್ತಪ್ಪನವರು ಹೆಂಡತಿ ರಾಜೇಶ್ವರಮ್ಮನೊಂದಿಗೆ ಹೇಳದೆ ಕೇಳದೆ ಬಂದಿಳಿದರು. ಅಷ್ಟರಲ್ಲಿ ಬೀದಿ ಅಗೆಯುವುದು ಶುರುವಾಗಿತ್ತು. ದೂರದಲ್ಲಿ ಕಲ್ಲು ಒತ್ತುವ ಇಂಜಿನ್ನು ಹೊಗೆಯುಗುಳುತ್ತ ಉರುಳುತ್ತಿದ್ದರೆ ಪಾತ್ರೆ ಅಂಗಡಿಯ ಕೊಡ, ತಪ್ಪಲೆ, ಹಂಡೆಗಳೆಲ್ಲ ಗಡಗಡ ನಡುಗುತ್ತಿದ್ದವು. ಪಂಚಾಕ್ಷರಪ್ಪನವರು ಒಳಗೆ ಬೀಳುವ ಚೊಂಬುಗಳನ್ನು ಹಿಡಿಯುತ್ತಿದ್ದಾಗ, ರಾಜೇಶ್ವರಮ್ಮ ಹೊರಗೆ ಜಗಲಿಯ ಮೇಲೆ ಮಹಾದೇವಮ್ಮನ ಪಕ್ಕ ಕುಳಿತೇಬಿಟ್ಟಿದ್ದರು.

"ಅಮ್ಮ, ನೀವು ಪಂಚಾಕ್ಷರಪ್ಪನವರ ಚಿಕ್ಕಮ್ಮನಾ?"

"ಓವರ್‌ಸೀಯರ್ ಸಾಹೇಬ್ರು ಬಂದಾಗಿನಿಂದ ಹೌದ್ರವ್ವ."

"ಅಯ್ಯೋ! ಅದಕ್ಕಿಂತ ಮುಂಚೆ?"

"ಮುಂಚೆ ದಿನಾ ಎದ್ದು ಹೋಗು ಅಂತಿದ್ದ. ಪಾಪ, ಈಗ ಅನ್ನಲ್ಲ. ಕಾಫಿ ಕೊಡ್ತಾನೆ."

ರಾಜೇಶ್ವರಮ್ಮ ಸೆರಗನ್ನು ಬಾಯಿಗೆ ಹಿಡಿದರು. ಚೊಂಬು ಹಿಡಿದುಕೊಂಡೇ ಹೊರಗೆ ಬಂದ ಪಂಚಾಕ್ಷರಪ್ಪನವರಿಗೆ ಬೀಗರ ಮುಖ ಕಂಡಿತು. ಮೊದಲು ಸಂತೋಷವಾಯಿತು. ಆಮೇಲೆ ಬೀಗಿತ್ತಿ ಎಲ್ಲಿ ಕುಳಿತಿದ್ದಾರೆಂಬುದು ಕಂಡಿತು.

"ನೋಡಿ ಮಾರಾಯ್ರೇ," ಎಂದರು ಶಿವಮೂರ್ತಪ್ಪ, "ನಾವು ವಸ್ತು ಒಡವೆ ಕೇಳಿದವರಲ್ಲ. ಮನೆತನ ಒಂದು ಕೇಳಿದ್ದೆವು. ಹೆತ್ತಮ್ಮನ ಹಾಗಿರೋ ಜೀವವನ್ನ ಬೀದೀಲಿ ಮಲಗಿಸೋ ಮನೆಯಿಂದ ಹೆಣ್ಣು ತಂದ್ರೆ, ನಾಳೆ ನಮ್ಮ ಗತಿ ಎಂಥದು? ನಮ್ಮನ್ನೂ ಜಗಲಿಗೆ ಹಾಕೋದಾ?"

ಪಂಚಾಕ್ಷರಪ್ಪನವರು ಆ ಬೀದಿಯಲ್ಲಿ ಹುಟ್ಟಿ ಬೆಳೆದವರು. ಸತ್ಯವನ್ನು ಕೊನೆಯ ಉಪಾಯವಾಗಿ ಮಾತ್ರ ಬಳಸಬೇಕೆಂದು ಬಲ್ಲವರು. ಈಗ ಅದನ್ನೇ ತೆಗೆದರು.

"ಬೀಗರೇ, ದೇವರಾಣೆಗೂ ಹೇಳ್ತೀನಿ, ಇವರು ನನ್ನ ಚಿಕ್ಕಮ್ಮ ಅಲ್ಲ! ನನಗೆ ಏನೂ ಆಗ್ಬೇಕಿಲ್ಲ!"

"ಕೇಳಿದ್ರಾ!" ರಾಜೇಶ್ವರಮ್ಮ ಚೀರಿದರು. "ಎದುರಿಗೇ ಕೂತಿದ್ದಾರೆ, ಇಲ್ಲ ಅಂತಾರಲ್ಲ!"

ಅಷ್ಟು ಹೊತ್ತಿಗೆ ಬೀದಿಯೆಲ್ಲ ನೆರೆದಿತ್ತು. "ಜಯಪ್ಪ, ನೀನಾದ್ರೂ ಹೇಳೋ!" ಎಂದು ಪಂಚಾಕ್ಷರಪ್ಪನವರು ಗೋಗರೆದರು.

ಜಯಪ್ಪನ ಅಂಗಡಿಯ ಬೆಂಚು ಆಗಲೇ ಗೆರೆಯ ಪಾಲಾಗಿತ್ತು. ಅವನು ನಿಧಾನವಾಗಿ ಹೇಳಿದ: "ನಾನೇನು ಹೇಳ್ಲಿ? ಚಿಕ್ಕಮ್ಮ ಅಂತ ನೀವೇ ಹೇಳಿದ್ದು ಕೇಳೀನಿ. ಅಲ್ಲ ಅಂತ ನೀವೇ ಹೇಳಿದ್ದೂ ಕೇಳೀನಿ. ಸರ್ಕಾರದೋರ ಮುಂದೆ ಹೇಳಿದ್ದು ಯಾವುದೋ ಅದೇ ನಿಜ ಇರಬೇಕಪ್ಪ."

ಸರ್ಕಾರದವರು ಅಲ್ಲೇ ಇದ್ದರು. ಗಲಾಟೆ ಕೇಳಿ ಇಂಜಿನ್ನು ನಿಲ್ಲಿಸಿ ಬಂದ ಆನಂದಪ್ಪನವರು ಗುಂಪು ಸರಿಸಿ ಮುಂದೆ ಬಂದರು. "ಏನಿದು? ಚಿಕ್ಕಮ್ಮ ಅಲ್ವಾ ಹಾಗಾದ್ರೆ?"

ಪಂಚಾಕ್ಷರಪ್ಪನವರು ಒಮ್ಮೆ ಓವರ್‌ಸೀಯರನ್ನೂ ಒಮ್ಮೆ ಬೀಗರನ್ನೂ ನೋಡಿದರು. "ಚಿಕ್ಕಮ್ಮನೇ ಸ್ವಾಮಿ" ಎಂದರು ಕ್ಷೀಣವಾಗಿ.

"ಹಾಗಿದ್ರೆ ಒಳಗೆ ಕರ್ಕೊಂಡು ಹೋಗಿ. ನಮ್ಮ ಕಣ್ಣೆದುರಿಗೆ" ಎಂದರು ಶಿವಮೂರ್ತಪ್ಪ.

"ಒಳಗೆ ಹೋದ್ರೆ ಜಗಲಿ ಖಾಲಿ ಅಂತ ಅರ್ಥ. ಗೆರೆ ನೆಟ್ಟಗೆ ಮಾಡ್ತೀನಿ" ಎಂದರು ಆನಂದಪ್ಪ.

ಒಂದು ಕೈಯಲ್ಲಿ ತಂದೆ ಹಾಕಿಸಿದ ಕರಿಕಲ್ಲು, ಇನ್ನೊಂದು ಕೈಯಲ್ಲಿ ಮಗಳ ಮದುವೆ. ಮಧ್ಯದಲ್ಲಿ ಪಂಚಾಕ್ಷರಪ್ಪನವರು ಮತ್ತು ಚೊಂಬು. ಅಂಗಡಿಯ ಒಳಬಾಗಿಲ ಹಿಂದೆ ನೀಲಮ್ಮನ ಬಳೆಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು.

ಆಗ ಮಹಾದೇವಮ್ಮ ಎದ್ದು ನಿಂತರು. ತಮಾಷೆ ಇಷ್ಟು ಸಾಕೆಂದು ಅವರಿಗೇ ಅನ್ನಿಸಿರಬೇಕು. ರಾಜೇಶ್ವರಮ್ಮನ ಕೈ ಹಿಡಿದು ಹೇಳಿದರು: "ನೋಡವ್ವ, ಅವನು ಈಗ ಹೇಳಿದ್ದೇ ನಿಜ. ನಾನು ಇವರಿಗೆ ಏನೂ ಅಲ್ಲ. ಬಸ್ಸಿನೋರಿಗೆ ಮಂಡಕ್ಕಿ ಮಾರ್ತಿದ್ದೋಳು. ಇರಾಕೆ ಜಾಗ ಇಲ್ದೆ ಇಲ್ಲಿ ಬಂದು ಕುಂತೆ. ನನ್ನಿಂದ ಆ ಹುಡುಗಿ ಮದ್ವೆ ನಿಲ್ಲೋದು ಬ್ಯಾಡ. ನಾನೇ ಬೇರೆ ಕಡೆ ಹೋಗ್ತೀನಿ." ಬಗ್ಗಿ ಪೆಟ್ಟಿಗೆಗೆ ಕೈ ಹಾಕಿದರು.

ರಾಜೇಶ್ವರಮ್ಮನ ಕಣ್ಣಲ್ಲಿ ಧಾರಾಕಾರ ನೀರು. "ಅಯ್ಯೋ, ಎಂಥ ದೊಡ್ಡ ಮನಸ್ಸು ಕಣ್ರೀ! ಮಗನ ಮಾನ ಉಳಿಸೋಕೆ ಸಂಬಂಧವನ್ನೇ ಇಲ್ಲ ಅಂತಾರಲ್ಲ! ತಾನೇ ಬಂದು ಕೂತೆ ಅಂತಾರಲ್ಲ!" ಎಂದು ಗಂಡನ ಹೆಗಲಿಗೆ ಒರಗಿದರು. ಬೀದಿಯ ಹೆಂಗಸರೂ ಅತ್ತರು. ಆ ಕೈಯ ಮಂಡಕ್ಕಿ ತಿಂದವರೂ ಅತ್ತರು. ಸತ್ಯವನ್ನು ಇಬ್ಬರು ಹೇಳಿದರು. ಒಬ್ಬರು ಹೇಳಿದ್ದಕ್ಕೆ ಪಾಪಿಯಾದರು, ಇನ್ನೊಬ್ಬರು ಹೇಳಿದ್ದಕ್ಕೆ ಶರಣೆಯಾದರು. ನಂಬಿದವರು ಮಾತ್ರ ಯಾರೂ ಇರಲಿಲ್ಲ.

ಜಗದಾಂಬ ಹೊರಗೆ ಬಂದಳು. ಈ ಸಲ ಹಿಂಬಾಗಿಲಿನಿಂದ ಸುತ್ತಿ ಬರಲಿಲ್ಲ. ಅಂಗಡಿಯ ನಡುವಿನಿಂದಲೇ, ಹಂಡೆಗಳನ್ನು ಪಕ್ಕಕ್ಕೆ ತಳ್ಳಿಕೊಂಡು ಬಂದಳು. ಮಹಾದೇವಮ್ಮನ ಕೈಯಿಂದ ಪೆಟ್ಟಿಗೆ ಕಸಿದು ಸೊಂಟದ ಮೇಲಿಟ್ಟುಕೊಂಡಳು.

"ಬರ್ರಿ ಅತ್ತೆ, ಒಳಗೆ. ಹೊತ್ತಾತು, ಊಟ ಮಾಡೋರಂತೆ."

"ನೀನು ಕರೀತೀಯವ್ವ. ಮನೆ ಯಜಮಾನ ಅವನು" ಎಂದರು ಮಹಾದೇವಮ್ಮ, ನಿಂತಲ್ಲೇ ನಿಂತು.

ಜಗದಾಂಬ ಗಂಡನ ಕಡೆ ನೋಡಿದಳು. ಆ ನೋಟವನ್ನು ಪಂಚಾಕ್ಷರಪ್ಪನವರು ಮದುವೆಯಾದಾಗಿನಿಂದ ಬಲ್ಲರು. ಅವರು ಜಗಲಿಯ ಕಲ್ಲನ್ನು ಒಮ್ಮೆ ಕೈಯಿಂದ ಸವರಿದರು, ಕೈಲಿದ್ದ ಚೊಂಬನ್ನು ಅದರ ಮೇಲಿಟ್ಟರು.

"ಚಿಕ್ಕಮ್ಮಾ," ಎಂದರು, "ಒಳಗೆ ಬಾ."

ಅಂದೇ ಸಂಜೆ ಗೆರೆ ನೆಟ್ಟಗಾಯಿತು. ಮರುದಿನ ಜಗಲಿ ಹೋಯಿತು. ಕಲ್ಲು ಕೀಳುವ ಸದ್ದು ಹೊರಗೆ ಕೇಳುತ್ತಿದ್ದರೆ ಒಳಗೆ ಮಹಾದೇವಮ್ಮ ರಾತ್ರಿ ಅಲ್ಲೇ ಉಳಿದಿದ್ದ ಬೀಗರಿಗೆ ಒಗ್ಗರಣೆ ಮಂಡಕ್ಕಿ ಮಾಡಿ ಬಡಿಸುತ್ತಿದ್ದರು. ಶಿವಮೂರ್ತಪ್ಪನವರು ಎರಡನೆಯ ಸಲ ಹಾಕಿಸಿಕೊಂಡು, "ಇಂಥ ಹಿರಿಯರಿರೋ ಮನೆ ಸಿಗೋದು ಪುಣ್ಯ" ಎಂದರು. ವೀಳ್ಯದ ಶಾಸ್ತ್ರಕ್ಕೂ, ಆಮೇಲೆ ಮದುವೆಗೂ, ಹಿರಿಯರ ಜಾಗದಲ್ಲಿ ಕೂತವರು ಮಹಾದೇವಮ್ಮನೇ. ಸೊರಬಕ್ಕೆ ಹೊರಟ ನೀಲಮ್ಮ ಅಮ್ಮನಿಗಿಂತ ಹೆಚ್ಚು ಹೊತ್ತು ಅವರ ಕೊರಳು ತಬ್ಬಿಕೊಂಡು ಅತ್ತಳು.

ಮದುವೆ ಕಳೆದ ಮೇಲೆ ಪಂಚಾಕ್ಷರಪ್ಪನವರು ಒಂದು ಬೆಳಿಗ್ಗೆ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಇನ್ನು ಇವರನ್ನ..." ಎಂದು ಶುರುಮಾಡಿದರು.

"ಯಾರನ್ನ?" ಎಂದಳು ಜಗದಾಂಬ.

"ಚಿಕ್ಕಮ್ಮನ್ನ."

"ಏನು ಮಾಡ್ಬೇಕು?"

"ಏನಿಲ್ಲ. ಕಾಫಿ ಆಯ್ತಾ ಅಂತ ಕೇಳ್ದೆ" ಎಂದು ಅಂಗಡಿಗೆ ಬಂದು ಕುಳಿತರು.

ರಸ್ತೆ ಮುಗಿಯಿತು. ಅಗಲವಾಗಿ, ಕಪ್ಪಗೆ, ಅಂಗಡಿಗಳ ಹೊಸ್ತಿಲಿಗೇ ತಾಗಿಕೊಂಡು. ಮೊದಲ ಬಸ್ಸು ಬರುವ ದಿನ ವರ್ತಕರೆಲ್ಲ ಹಾರ ಹಿಡಿದು, ಆರತಿ ತಟ್ಟೆ ಹಿಡಿದು, ಎರಡೂ ಬದಿ ಸಾಲುಗಟ್ಟಿದರು. ಬಸ್ಸು ತಿರುವಿನಲ್ಲಿ ಕಾಣಿಸಿತು. ಹಾರನ್ ಹೊಡೆಯಿತು. ಹಾರದವರ ಮುಂದೆ, ಆರತಿಯವರ ಮುಂದೆ, ಪಾತ್ರೆ ಅಂಗಡಿಯ ಮುಂದೆ, ಗಾಳಿಯ ಹಾಗೆ ಹಾದು, ಹೊಸ ನಿಲ್ದಾಣದ ಕಡೆಗೆ ಹೋಗಿಬಿಟ್ಟಿತು. ಆರತಿ ಆರಿತು. ಹಾರದ ಮೇಲೆ ಧೂಳು ಕೂತಿತು.

ಮಹಾದೇವಮ್ಮ ಹೊಸ್ತಿಲಲ್ಲಿ ನಿಂತು ಹೇಳಿದರು: "ಮೊದ್ಲು ಬಸ್ಸು ಇಲ್ಲಿ ನಿಲ್ತಿದ್ದಿದ್ದು ಮುಂದೆ ಹೋಗಾಕೆ ಜಾಗ ಇಲ್ದೆ ಕಣ್ರಪ್ಪ. ಈಗ ಜಾಗ ಐತೆ, ಹೋತು."

ಅರ್ಜಿ ಬರೆದ ಮಹನೀಯರಿಗೆ ಇದು ಹೊಳೆದಿರಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಹೋದರು. ಮಹಾದೇವಮ್ಮ ಮಾತ್ರ ಒಳಗೆ ಹೋಗದೆ, ಅಂಗಡಿಯ ದೊಡ್ಡ ಬಾಣಲೆಯೊಂದನ್ನು ಯಾರನ್ನೂ ಕೇಳದೆ ಇಳಿಸಿಕೊಂಡರು. ಸಂಜೆಯ ಬಸ್ಸಿನ ಹೊತ್ತಿಗೆ ಹೊಸ್ತಿಲ ಪಕ್ಕದಲ್ಲಿ ಒಲೆ ಉರಿಯುತ್ತಿತ್ತು. ಎಣ್ಣೆಯಲ್ಲಿ ಬಜ್ಜಿ ಸೊರ್ ಎನ್ನುತ್ತಿತ್ತು. ಒಗ್ಗರಣೆಯ ವಾಸನೆ ಹೊಸ ರಸ್ತೆಯ ಉದ್ದಕ್ಕೂ ತಿರುವಿನವರೆಗೆ ಹೋಗಿ ನಿಂತಿತು.

ಬಸ್ಸು ತಿರುವಿನಲ್ಲಿ ಕಾಣಿಸಿತು. ಹಾರನ್ ಹೊಡೆಯಿತು. ಆಮೇಲೆ ಬ್ರೇಕು.

"ಐದೇ ನಿಮಿಷ!" ಎಂದು ಕೂಗಿದ ಕಂಡಕ್ಟರ್ ಎಲ್ಲರಿಗಿಂತ ಮೊದಲು ತಾನೇ ಇಳಿದ.

ಜನ ಬಾಣಲೆಯ ಸುತ್ತ ಮುತ್ತಿಕೊಂಡರು. ತೊಗರ್ಸಿ ಕಡೆಯ ಹೆಂಗಸೊಬ್ಬಳು ಬಜ್ಜಿ ತಿನ್ನುತ್ತ, ಸುಮ್ಮನೆ ಒಳಗೆ ಇಣುಕಿ, "ಆ ತಾಮ್ರದ ಕೊಡ ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳಿದಳು. ಎಷ್ಟೋ ಕಾಲದ ಮೇಲೆ ಕೇಳಿದ ಮಾತು! ಪಂಚಾಕ್ಷರಪ್ಪನವರು ಎದ್ದು, ಶಲ್ಯ ಸರಿಮಾಡಿಕೊಂಡು, ಬಹಳ ದಿನದ ಹಸಿವಿನಿಂದ ಒಂದು ಬೆಲೆ ಹೇಳಿದರು. ಹೆಂಗಸು ಬಜ್ಜಿ ನುಂಗುವುದನ್ನೇ ಮರೆತಳು.

"ಎಂಥ ಬೆಲೆ ಹೇಳ್ತೀಯೋ!" ಎಂದರು ಮಹಾದೇವಮ್ಮ, ಜಾಲರಿ ಸೌಟು ಎತ್ತಿ. "ಅದರಾಗೆ ಅರ್ಧಕ್ಕೆ ಕೊಡು. ಪಾಪ, ಬಸ್ಸಿಗೆ ಹೊತ್ತಾತು ಅವಳಿಗೆ."

ಪಂಚಾಕ್ಷರಪ್ಪನವರು ಉತ್ತರ ಕೊಡಲು ಬಾಯಿ ತೆರೆದರು. ಮನೆಯ ಹಿರಿಯರು ಬೆಲೆ ಹೇಳಿದ ಮೇಲೆ ಅಂಗಡಿಯವನು ಬಾಯಿ ತೆರೆದು ಏನು ಮಾಡುವುದಿದೆ? ಮುಚ್ಚಿಕೊಂಡು, ಕೊಡ ಇಳಿಸಿ, ಧೂಳು ಒರೆಸಿ ಕೊಟ್ಟರು.